ನೀಲಿ ಗೀರಿನ ಕೆಳಗಿನ ‘ನಮ್ಮವ್ವ’: ನಮ್ಮ ಮಕ್ಕಳಿಗೆ ಆದರ್ಶ ಎಲ್ಲಿಂದ ಸಿಗುತ್ತದೆ?

ಕನ್ನಡ ಉಪನ್ಯಾಸಕಿ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯ ಸಮೀಪದ ಪದವಿಪೂರ್ವ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತೇನೆ. ಕಳೆದ ವಾರ ಪ್ರಥಮ ವರ್ಷದ ಮಕ್ಕಳಿಗೆ ‘ನನ್ನ ಆದರ್ಶ ವ್ಯಕ್ತಿ’ ಎಂಬ ವಿಷಯ ಕೊಟ್ಟು ಎರಡು ಪುಟ ಬರೆಯಲು ಹೇಳಿದ್ದೆ. ಸರ್ ಎಂ. ವಿಶ್ವೇಶ್ವರಯ್ಯ, ಅಬ್ದುಲ್ ಕಲಾಂ, ಕಿತ್ತೂರು ರಾಣಿ ಚೆನ್ನಮ್ಮ, ಇಬ್ಬರು ಮೂವರು ಚಿತ್ರನಟರು ಬಂದರು. ಬಹುಪಾಲು ಪ್ರಬಂಧಗಳು ಗೈಡಿನಿಂದ ಇಳಿದವು ಎಂಬುದು ಮೊದಲ ಸಾಲಿನಲ್ಲೇ ತಿಳಿಯುತ್ತಿತ್ತು.

ತಿದ್ದುತ್ತ ಹೋದಂತೆ ಒಂದು ನೋಟ್‌ಬುಕ್ಕಿನ ಮೇಲೆ ಕೈ ನಿಂತಿತು. ಆ ಹುಡುಗಿ ತಲೆಬರಹದ ಕೆಳಗೆ ಮೊದಲು ‘ನಮ್ಮವ್ವ’ ಎಂದು ಬರೆದು, ಅದರ ಮೇಲೆ ನೀಲಿ ಪೆನ್ನಿನಿಂದ ಎರಡು ಗೀರು ಎಳೆದು, ಪಕ್ಕದಲ್ಲಿ ‘ಕಲ್ಪನಾ ಚಾವ್ಲಾ’ ಎಂದು ಬರೆದಿದ್ದಳು. ಕೆಳಗಿನ ಎರಡು ಪುಟಗಳಲ್ಲಿ ಒಂದು ಕಾಗುಣಿತದ ತಪ್ಪೂ ಇರಲಿಲ್ಲ, ಅವಳದು ಎನ್ನಬಹುದಾದ ಒಂದು ಮಾತೂ ಇರಲಿಲ್ಲ. ಕರ್ನಾಲ್‌ನಲ್ಲಿ ಹುಟ್ಟಿ ಬಾಹ್ಯಾಕಾಶಕ್ಕೆ ಹೋದ ಆ ಮಹಿಳೆಯನ್ನು ಮೆಚ್ಚುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಹೊಡೆದು ಹಾಕಿದ ಆ ಪದ ನನ್ನನ್ನು ಬಿಡಲೊಲ್ಲದು.

ಹದಿನಾರು ವರ್ಷದ ಮಗುವಿಗೆ ಆದರ್ಶ ಎಂದರೆ ಮನೆಯ ಹೊರಗೆ, ಬಹಳ ಎತ್ತರದಲ್ಲಿ ಇರುವ ಯಾರೋ ಒಬ್ಬರು ಎಂಬ ತಿಳಿವಳಿಕೆ ಹೇಗೆ ಬಂತು? ನಿಜವಾಗಿ ಅವರ ಬದುಕನ್ನು ತಿರುಗಿಸುವವರು ಯಾರು, ಮನೆಯವರೋ ಹೊರಗಿನವರೋ? ತಾವೆಲ್ಲ ಕಂಡದ್ದನ್ನು, ಅನುಭವಿಸಿದ್ದನ್ನು ದಯವಿಟ್ಟು ಬರೆಯಿರಿ.

ನಿವೃತ್ತ ಮುಖ್ಯೋಪಾಧ್ಯಾಯ, ಕುಂದಗೋಳ

ಮೇಡಂ, ತಮ್ಮ ಪ್ರಶ್ನೆ ಓದಿದ ಕೂಡಲೇ ನಮ್ಮೂರಿನ ರೈಲು ನಿಲ್ದಾಣ ಕಣ್ಣ ಮುಂದೆ ಬಂತು. ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ಇಲ್ಲಿಗೆ ರೈಲಿನಲ್ಲಿ ಬಂದು ಸವಾಯಿ ಗಂಧರ್ವರ ಬಳಿ ಪಾಠ ಹೇಳಿಸಿಕೊಂಡು ಹೋಗುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಅದೇ ಗುರುವಿನ ಮನೆಯಲ್ಲಿ ನೀರು ಹೊತ್ತು, ಸೇವೆ ಮಾಡುತ್ತ ಕಲಿಯುತ್ತಿದ್ದ ಇನ್ನೊಬ್ಬ ಹುಡುಗ ಭೀಮಸೇನ ಜೋಶಿ. ಗುರು ಒಬ್ಬರೇ ಆದರೂ ಆ ಬಾಗಿಲಿಗೆ ಬಂದು ನಿಲ್ಲುವಂತೆ ಮಾಡಿದ ಮನೆಗಳು ಬೇರೆ ಬೇರೆ. ತಮ್ಮ ಪ್ರಶ್ನೆಗೆ ಉತ್ತರ ಆ ಎರಡು ಮನೆಗಳಲ್ಲಿದೆ ಎಂದು ನನಗೆ ಅನಿಸುತ್ತದೆ.

ಗಂಗೂಬಾಯಿಯವರು 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಅವರ ಹಾಡನ್ನು ಹಿಂದೂಸ್ತಾನಿಯ ಹೆಸರಾಂತ ಗಾಯಕ ಅಬ್ದುಲ್ ಕರೀಂ ಖಾನರಂಥವರೂ ಮೆಚ್ಚಿ ಕೇಳುತ್ತಿದ್ದರು. ಮಗಳ ಒಲವು ಹಿಂದೂಸ್ತಾನಿಯ ಕಡೆಗೆ ಇರುವುದನ್ನು ಗುರುತಿಸಿದ ತಾಯಿ, ತನ್ನ ಪದ್ಧತಿಯ ಛಾಯೆ ಮಗಳ ಕಂಠಕ್ಕೆ ತಾಗಬಾರದೆಂದು ತಾನು ಹಾಡುವುದನ್ನೇ ನಿಲ್ಲಿಸಿಬಿಟ್ಟರು. ಮಗಳ ಕಲಿಕೆಗಾಗಿ ಕುಟುಂಬ 1928ರಲ್ಲಿ ಧಾರವಾಡ ಬಿಟ್ಟು ಹುಬ್ಬಳ್ಳಿಗೆ ಬಂತು. 1932ರಲ್ಲಿ ಆ ತಾಯಿ ತೀರಿಕೊಂಡರು. ಮಗಳಿಗೆ 2002ರಲ್ಲಿ ಪದ್ಮವಿಭೂಷಣ ಬಂದಾಗ ನನಗೆ ಮೊದಲು ನೆನಪಾದದ್ದು, ಹಾಡು ನಿಲ್ಲಿಸಿದ ಆ ಧಾರವಾಡದ ಮನೆ.

ಇನ್ನು ಭೀಮಸೇನರ ತಂದೆ ಗುರುರಾಜ ಜೋಶಿಯವರು, ನನ್ನ ಹಾಗೆ ಶಾಲಾ ಮಾಸ್ತರರು. ಚಿಕ್ಕಂದಿನಲ್ಲಿ ಈ ಹುಡುಗ ಭಜನೆಯೋ ಮೆರವಣಿಗೆಯೋ ಕೇಳಿಸಿದರೆ ಅದರ ಬೆನ್ನು ಹತ್ತಿ ಹೋಗಿ, ದಣಿದಲ್ಲೇ ಮಲಗಿಬಿಡುತ್ತಿದ್ದನಂತೆ. ಹುಡುಕಿ ಹುಡುಕಿ ಸಾಕಾದ ತಂದೆ ಅವನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಸಿದರೆಂದೂ, ಕಂಡವರು ಮನೆಗೆ ತಂದು ಬಿಡುತ್ತಿದ್ದರೆಂದೂ ಹೇಳುತ್ತಾರೆ. ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ ಕೇಳಿ ಹುಚ್ಚು ಹತ್ತಿ, 1933ರಲ್ಲಿ ಹನ್ನೊಂದನೆಯ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಗ್ವಾಲಿಯರ್ ಮತ್ತಿತರ ಊರುಗಳಲ್ಲಿ ಅಲೆದ ಮಗನನ್ನು ತಂದೆ ಪತ್ತೆ ಹಚ್ಚಿ ಕರೆತಂದದ್ದು ದೂರದ ಜಲಂಧರದಿಂದ. ಆಮೇಲೆ 1936ರಲ್ಲಿ ಹುಡುಗ ಸವಾಯಿ ಗಂಧರ್ವರ ಶಿಷ್ಯನಾದ. ಗಂಧರ್ವರು ಸ್ವತಃ ಅಬ್ದುಲ್ ಕರೀಂ ಖಾನರ ಶಿಷ್ಯರು. ಯಾವ ಕಂಠ ಕೇಳಿ ಹುಡುಗ ಓಡಿ ಹೋಗಿದ್ದನೋ, ಆ ಕಂಠದ ಪರಂಪರೆ ಅವನ ಮನೆಯಿಂದ ಒಂದು ದಿನದ ದಾರಿಯಲ್ಲೇ ಇತ್ತು.

ಈ ಇಬ್ಬರಿಗೂ ಆದರ್ಶ ಹೊರಗಿನವರೇ, ಅದರಲ್ಲಿ ಸಂಶಯವಿಲ್ಲ. ಆದರೆ ಆ ಆದರ್ಶದ ತನಕ ನಡೆಯುವ ದಾರಿಯನ್ನು ಒಬ್ಬ ತಾಯಿ ತನ್ನ ದನಿಯನ್ನು ತಗ್ಗಿಸಿ ಬಿಟ್ಟುಕೊಟ್ಟರು. ಇನ್ನೊಬ್ಬ ಹುಡುಗನ ಅಂಗಿಯ ಮೇಲೆ ಮನೆಯ ವಿಳಾಸವಿತ್ತು. ನನ್ನ ಮೂವತ್ತನಾಲ್ಕು ವರ್ಷದ ಮಾಸ್ತರಿಕೆಯಲ್ಲಿ ದಾರಿ ತಪ್ಪಿದ ಮಕ್ಕಳನ್ನು ಬಹಳ ಕಂಡಿದ್ದೇನೆ. ಅವರಲ್ಲಿ ಬಹುತೇಕರಿಗೆ ಆದರ್ಶದ ಕೊರತೆ ಇರಲಿಲ್ಲ. ಹುಡುಕಿಕೊಂಡು ಬರುವವರು ಯಾರೂ ಇರಲಿಲ್ಲ.

ಆಪ್ತಸಮಾಲೋಚಕಿ, ಮೈಸೂರು

ಮಾಸ್ತರರಿಗೆ ನಮಸ್ಕಾರ. ತಾವು ಬರೆದದ್ದನ್ನು ಎರಡು ಸಲ ಓದಿದೆ. ಮನಸ್ಸು ತುಂಬಿತು, ಜೊತೆಗೆ ಒಂದು ಕಸಿವಿಸಿಯೂ ಆಯಿತು, ಅದನ್ನು ಹೇಳದೆ ಇದ್ದರೆ ಅಪ್ರಾಮಾಣಿಕತೆಯಾಗುತ್ತದೆ.

ತಾಯಿ ಹಾಡು ನಿಲ್ಲಿಸಿದ ಕಥೆಯನ್ನು ನಾವು ಹೆಣ್ಣುಮಕ್ಕಳ ಮುಂದೆ ಎಷ್ಟು ಸಲ ಹೇಳುತ್ತೇವೆ, ಎಷ್ಟು ಸುಲಭವಾಗಿ ಹೇಳುತ್ತೇವೆ! ನನ್ನ ಬಳಿ ಬರುವ ಹದಿನೇಳು ಹದಿನೆಂಟರ ಹುಡುಗಿಯರಲ್ಲಿ ಅನೇಕರು ತಾಯಿಯನ್ನು ಅಪಾರವಾಗಿ ಪ್ರೀತಿಸುತ್ತಾರೆ ಮತ್ತು ಅದೇ ಉಸಿರಿನಲ್ಲಿ ‘ನಾನು ಮಾತ್ರ ಅಮ್ಮನ ಹಾಗೆ ಆಗಬಾರದು’ ಎನ್ನುತ್ತಾರೆ. ಅದು ತಿರಸ್ಕಾರವಲ್ಲ. ಕೆಲಸ ಬಿಟ್ಟ ಅಮ್ಮ, ಓದು ಅರ್ಧಕ್ಕೆ ನಿಂತ ಅಮ್ಮ, ಎಲ್ಲರೂ ಉಂಡ ಮೇಲೆ ತಳದ ಸಾರನ್ನು ಬಳಿದುಕೊಂಡು ಉಣ್ಣುವ ಅಮ್ಮ. ಇದನ್ನು ದಿನವೂ ಕಂಡ ಮಗಳು ಅದನ್ನು ತ್ಯಾಗ ಎಂದಷ್ಟೇ ಓದುವುದಿಲ್ಲ, ತನ್ನ ಸರದಿಯ ಮುನ್ಸೂಚನೆ ಎಂದೂ ಓದುತ್ತಾಳೆ. ಮೇಡಂ ಅವರ ವಿದ್ಯಾರ್ಥಿನಿ ‘ನಮ್ಮವ್ವ’ ಎಂಬುದನ್ನು ಹೊಡೆದು ಹಾಕಿದ್ದಕ್ಕೆ ಇದೂ ಒಂದು ಕಾರಣವಿರಬಹುದಲ್ಲವೇ?

ಗಂಗೂಬಾಯಿಯವರ ಮನೆಯಲ್ಲೇ ನೋಡಿ. ಮಗಳು ಕೃಷ್ಣಾ ಹಾನಗಲ್ ಅವರೂ ಗಾಯಕಿಯೇ. ಆದರೂ ದಶಕಗಳ ಕಾಲ ತಾಯಿಯ ಹಿಂದೆ ಕುಳಿತು ಸಹಗಾಯನ ಮಾಡಿದರು ಮತ್ತು 2004ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡರು. ನಡುವಿನ ಒಂದು ಕಂಠ ಮೇಲೇರಲು ಹಿಂದಿನ ಪೀಳಿಗೆಯದು ಮೌನವಾಯಿತು, ಮುಂದಿನದು ಹಿನ್ನೆಲೆಯಲ್ಲಿ ನಿಂತಿತು. ಇದನ್ನು ಪ್ರೀತಿ ಎಂದು ಕರೆಯಲು ನನ್ನ ಅಭ್ಯಂತರವಿಲ್ಲ. ಆದರೆ ಅದರ ಬೆಲೆಯನ್ನೂ ಮಕ್ಕಳಿಗೆ ಹೇಳಬೇಕು. ಮನೆಯಲ್ಲಿ ಯಾರಾದರೊಬ್ಬರು ಬಿಟ್ಟುಕೊಟ್ಟರೇನೇ ಇನ್ನೊಬ್ಬರು ಬೆಳೆಯುತ್ತಾರೆ ಎಂಬ ಪಾಠವನ್ನು ಮಾತ್ರ ಅವರ ತಲೆಗೆ ಹಾಕಬಾರದು.

ನಿವೃತ್ತ ಮುಖ್ಯೋಪಾಧ್ಯಾಯ, ಕುಂದಗೋಳ

ತಾಯಿ, ತಮ್ಮ ಮಾತನ್ನು ಒಪ್ಪುತ್ತೇನೆ. ಬಿಟ್ಟುಕೊಟ್ಟವರು ಯಾರು ಎಂದು ಎಣಿಸುತ್ತ ಹೋದರೆ ನಮ್ಮ ಮನೆಯಲ್ಲೂ ಹೆಂಗಸರ ಹೆಸರೇ ಬರುತ್ತದೆ. ನನ್ನ ತಂಗಿ ಏಳನೆಯ ಇಯತ್ತೆಗೆ ಶಾಲೆ ಬಿಟ್ಟದ್ದರಿಂದ ನಾನು ಮಾಸ್ತರನಾದೆ. ಇದನ್ನು ಇಷ್ಟು ವರ್ಷ ನಾನು ಯಾರ ಮುಂದೆಯೂ ಆಡಿರಲಿಲ್ಲ.

ಓದುಗ, ವಯಸ್ಸು 24, ರಾಣೆಬೆನ್ನೂರು

ಹಿರಿಯರ ನಡುವೆ ಬರೆಯಲು ಸಂಕೋಚವಾಗುತ್ತದೆ. ಆದರೂ ಈ ವಿಷಯದಲ್ಲಿ ನನಗೆ ಹೇಳಲು ಒಂದು ಸಂಗತಿ ಇದೆ.

ನಮ್ಮ ಅಪ್ಪ ಕುಡಿತಕ್ಕೆ ಬಿದ್ದವರು. ಅವರ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಈಗ ಅವರಿಲ್ಲ. ನಾನು ಆರನೆಯ ತರಗತಿಯಿಂದ ಸೋದರಮಾವನ ಮನೆಯಲ್ಲಿ ಬೆಳೆದೆ. ಮಾವ ಸಾರಿಗೆ ಬಸ್ಸಿನಲ್ಲಿ ನಿರ್ವಾಹಕರಾಗಿದ್ದರು. ಕೊನೆಯ ಟ್ರಿಪ್ ಮುಗಿಸಿ ಹಣ ಕಟ್ಟುವ ಮುಂಚೆ ಕೆಲವೊಮ್ಮೆ ನನ್ನನ್ನೂ ಡಿಪೋದ ಬಾಗಿಲಿನ ಕಟ್ಟೆಯ ಮೇಲೆ ಕೂರಿಸಿಕೊಂಡು ಲೆಕ್ಕ ಮಾಡುತ್ತಿದ್ದರು. ಚರ್ಮದ ಚೀಲವನ್ನು ಮಗುಚಿ, ಹತ್ತರ ನೋಟು ಬೇರೆ, ಇಪ್ಪತ್ತರದು ಬೇರೆ, ನಾಣ್ಯಗಳನ್ನು ಹತ್ತತ್ತರ ಗುಡ್ಡೆ ಮಾಡಿ ಜೋಡಿಸುತ್ತಿದ್ದರು. ಅವರ ಹೆಬ್ಬೆರಳು ತೋರುಬೆರಳುಗಳ ತುದಿ ಯಾವಾಗಲೂ ಕಪ್ಪಾಗಿರುತ್ತಿತ್ತು. ಒಂದು ದಿನ ಹನ್ನೊಂದು ರೂಪಾಯಿ ಕಡಿಮೆ ಬಂತು. ಮೂರು ಸಲ ಎಣಿಸಿದರು. ಯಾರನ್ನೂ ಬೈಯಲಿಲ್ಲ, ನನಗೆ ಒಂದು ಮಾತೂ ಹೇಳಲಿಲ್ಲ. ಅಂಗಿಯ ಜೇಬಿನಿಂದ ಹತ್ತರ ನೋಟು, ಒಂದು ರೂಪಾಯಿ ತೆಗೆದು ಗುಡ್ಡೆಗೆ ಸೇರಿಸಿ ಚೀಲ ಕಟ್ಟಿದರು. ಅವತ್ತು ನನಗೆ ಕೊಡಿಸುತ್ತೇನೆ ಎಂದಿದ್ದ ಗಿರ್ಮಿಟ್ ಕೊಡಿಸಲಿಲ್ಲ, ಮನೆಗೆ ನಡೆದುಕೊಂಡೇ ಹೋದೆವು.

ನಾನೀಗ ಒಂದು ಸಹಕಾರಿ ಸಂಘದಲ್ಲಿ ಕ್ಯಾಷಿಯರ್ ಆಗಿದ್ದೇನೆ. ಸಂಜೆ ಲೆಕ್ಕ ಹೊಂದದೆ ಹೋದಾಗ ಕೈ ತಾನಾಗಿಯೇ ನಾಣ್ಯಗಳನ್ನು ಹತ್ತತ್ತರ ಗುಡ್ಡೆ ಮಾಡುತ್ತದೆ. ಶಾಲೆಯಲ್ಲಿ ನಾನೂ ಕಲಾಂ ಅವರ ಮೇಲೆಯೇ ಪ್ರಬಂಧ ಬರೆದಿದ್ದೆ, ಬಹುಮಾನವೂ ಬಂದಿತ್ತು. ಮಾವನ ಬಗ್ಗೆ ಬರೆಯಬಹುದು ಎಂಬುದು ಹೊಳೆದೇ ಇರಲಿಲ್ಲ.

ಸಮಾಜಶಾಸ್ತ್ರದ ಅಧ್ಯಾಪಕ, ಮಂಗಳೂರು

ರಾಣೆಬೆನ್ನೂರಿನ ತಮ್ಮ ಬರೆದದ್ದು ನನ್ನ ವಿಷಯದ ಎರಡು ಮುಖ್ಯ ಅಧ್ಯಯನಗಳಿಗೆ ಹತ್ತಿರವಾಗಿದೆ, ಆದ್ದರಿಂದ ಅವುಗಳನ್ನು ಇಲ್ಲಿ ತರುತ್ತೇನೆ.

ಹವಾಯಿ ದ್ವೀಪಗಳಲ್ಲಿ ಕವಾಯಿ ಎಂಬುದೊಂದು. ಅಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಸಂಗಡಿಗರು ದಶಕಗಳ ಕಾಲ, ಆ ಮಕ್ಕಳು ನಡುವಯಸ್ಸಿಗೆ ಬರುವವರೆಗೂ ಗಮನಿಸಿದರು. ಅವರಲ್ಲಿ ಸುಮಾರು ಮೂರನೆಯ ಒಂದು ಭಾಗದ ಮಕ್ಕಳು ಬಡತನ, ಮನೆಯ ಕಲಹ, ತಂದೆ ತಾಯಿಯ ಕುಡಿತ ಅಥವಾ ಮಾನಸಿಕ ಕಾಯಿಲೆ ಇಂಥ ಹಲವು ಕಷ್ಟಗಳ ನಡುವೆ ಹುಟ್ಟಿದವರು. ಅಂಥವರಲ್ಲಿಯೂ ಮೂವರಲ್ಲಿ ಒಬ್ಬರು ಗಟ್ಟಿಯಾದ, ನಂಬಬಹುದಾದ, ಇನ್ನೊಬ್ಬರ ಬಗ್ಗೆ ಕಾಳಜಿಯುಳ್ಳ ವ್ಯಕ್ತಿಗಳಾಗಿ ಬೆಳೆದರು. ಅವರನ್ನು ಉಳಿದವರಿಂದ ಬೇರೆ ಮಾಡಿದ ಸಂಗತಿಗಳಲ್ಲಿ ಮತ್ತೆ ಮತ್ತೆ ಕಂಡದ್ದು, ಚಿಕ್ಕಂದಿನಿಂದ ಬಿಡದೆ ಜೊತೆಗಿದ್ದ ಕನಿಷ್ಠ ಒಬ್ಬ ಹಿರಿಯರ ಆಸರೆ. ಅವರು ತಾಯಿಯೋ ತಂದೆಯೋ ಆಗಿರಬೇಕೆಂದಿರಲಿಲ್ಲ; ಅಜ್ಜಿ, ಚಿಕ್ಕಮ್ಮ, ಅಕ್ಕ, ನೆರೆಮನೆಯವರು, ಶಿಕ್ಷಕರು ಯಾರಾದರೂ ಸರಿ. ನಮ್ಮ ಸೋದರಮಾವಂದಿರು ಆ ಪಟ್ಟಿಯಲ್ಲಿ ಮೇಲೆಯೇ ಬರುತ್ತಿದ್ದರು ಎಂದು ನನ್ನ ಭಾವನೆ.

ಇನ್ನೊಂದು ನಮ್ಮ ದೇಶದ್ದೇ. ಪಶ್ಚಿಮ ಬಂಗಾಳದಲ್ಲಿ 1993ರ ನಂತರ ಗ್ರಾಮ ಪಂಚಾಯಿತಿಯ ಪ್ರಧಾನ, ಅಂದರೆ ಅಧ್ಯಕ್ಷ, ಸ್ಥಾನಗಳಲ್ಲಿ ಮೂರನೆಯ ಒಂದು ಭಾಗವನ್ನು ಸರದಿಯ ಮೇಲೆ ಮಹಿಳೆಯರಿಗೆ ಮೀಸಲಿಟ್ಟರು. ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೋ ಮತ್ತು ಅವರ ಸಂಗಡಿಗರು 495 ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಎರಡು ಅವಧಿಗೆ ಮಹಿಳೆಯೇ ಪ್ರಧಾನರಾಗಿದ್ದ ಹಳ್ಳಿಗಳಲ್ಲಿ, ಗಂಡು ಮಗುವಿನ ಬಗ್ಗೆ ಇಟ್ಟ ಆಸೆಗೂ ಹೆಣ್ಣು ಮಗುವಿನ ಬಗ್ಗೆ ಇಟ್ಟ ಆಸೆಗೂ ತಂದೆ ತಾಯಿಯರಲ್ಲಿ ಇದ್ದ ಅಂತರ ಶೇಕಡಾ 25ರಷ್ಟು ಕುಗ್ಗಿತ್ತು. ಹದಿಹರೆಯದವರಲ್ಲಿ ಅದೇ ಅಂತರ ಶೇಕಡಾ 32ರಷ್ಟು ಕುಗ್ಗಿತ್ತು. ಓದಿನಲ್ಲಿ ಹುಡುಗ ಹುಡುಗಿಯರ ನಡುವಿನ ಅಂತರ ಅಳಿಸಿಹೋಗಿತ್ತು, ಹುಡುಗಿಯರು ಮನೆಗೆಲಸಕ್ಕೆ ಕೊಡುವ ಹೊತ್ತೂ ಕಡಿಮೆಯಾಗಿತ್ತು. ಆ ಹಳ್ಳಿಗಳಲ್ಲಿ ಹೆಂಗಸರಿಗೆ ಹೊಸ ಉದ್ಯೋಗಗಳೇನೂ ಹೇಳಿಕೊಳ್ಳುವಷ್ಟು ಹುಟ್ಟಿರಲಿಲ್ಲ. ಕಚೇರಿಯ ಕುರ್ಚಿಯಲ್ಲಿ ತಮ್ಮೂರಿನ ಒಬ್ಬ ಹೆಂಗಸು ಕುಳಿತದ್ದನ್ನು ಮಕ್ಕಳೂ ಅವರನ್ನು ಹೆತ್ತವರೂ ವರ್ಷಗಟ್ಟಲೆ ನೋಡಿದ್ದರು.

ಮೇಡಂ ಅವರ ಪ್ರಶ್ನೆ ‘ಮನೆಯವರೋ ಹೊರಗಿನವರೋ’ ಎಂದು ಇತ್ತು. ಈ ಅಧ್ಯಯನದಲ್ಲಿ ನನಗೆ ಬಹಳ ಮುಖ್ಯವೆನಿಸಿದ್ದು, ಹೊರಗಿನ ಮಾದರಿ ಮೊದಲು ಬದಲಿಸಿದ್ದು ಮಗುವನ್ನು ಮಾತ್ರವಲ್ಲ, ಅಪ್ಪ ಅಮ್ಮನ ಕಣ್ಣನ್ನೂ. ಒಂದೇ ಅವಧಿ ಸಾಲಲಿಲ್ಲ, ಎರಡು ಅವಧಿ ಬೇಕಾಯಿತು ಎಂಬುದನ್ನೂ ಗಮನಿಸಬೇಕು. ನಮ್ಮ ಕರ್ನಾಟಕದಲ್ಲಿ ಈ ಪ್ರಯೋಗ ಅದಕ್ಕಿಂತ ಮೊದಲೇ ಶುರುವಾಗಿತ್ತು. 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿಯೇ ಮಹಿಳೆಯರಿಗೆ ಶೇಕಡಾ 25ರಷ್ಟು ಸ್ಥಾನಗಳಿದ್ದವು.

ಪಂಚಾಯಿತಿ ಸದಸ್ಯೆಯ ಮಗಳು, ಕೊಪ್ಪಳ ಜಿಲ್ಲೆ

ಸರ್ ಬರೆದದ್ದು ನಿಜ, ಆದರೆ ಒಂದು ಮಾತು ಸೇರಿಸಬೇಕು. ನಮ್ಮಮ್ಮ ಗೆದ್ದ ಮೊದಲ ಎರಡು ವರ್ಷ ಸಭೆಗೆ ಅಪ್ಪನೇ ಹೋಗುತ್ತಿದ್ದರು, ಅಮ್ಮ ಮನೆಯಲ್ಲಿ ಕುಳಿತು ಸಹಿ ಹಾಕುತ್ತಿದ್ದಳು. ಆಗ ಅವಳನ್ನು ನೋಡಿ ನಾನು ಕಲಿತದ್ದು ಏನೂ ಇಲ್ಲ. ಕುಡಿಯುವ ನೀರಿನ ಗಲಾಟೆಯಲ್ಲಿ ಓಣಿಯ ಹೆಂಗಸರು ಕೊಡ ತಂದು ನಮ್ಮ ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಹೋದ ದಿನ ಅಮ್ಮ ಮೊದಲ ಸಲ ತಾನೇ ಸಭೆಗೆ ಹೊರಟಳು. ಅವಳು ಸೀರೆಯ ನೆರಿಗೆ ಸರಿಮಾಡಿಕೊಳ್ಳುವಾಗ ಕೈ ನಡುಗುತ್ತಿತ್ತು. ನಾನು ಬಿ.ಎಡ್. ಮಾಡಬೇಕೆಂದು ಅಪ್ಪನ ಮುಂದೆ ನಿಂತು ಕೇಳಿದಾಗ ನನ್ನ ಕೈಯೂ ನಡುಗುತ್ತಿತ್ತು, ಆದರೂ ಕೇಳಿದೆ.

ಗ್ಯಾರೇಜ್ ನಡೆಸುವ ತಂದೆ, ದಾವಣಗೆರೆ

ಎಲ್ಲ ಸರಿ. ಈಗಿನ ಮಕ್ಕಳು ಮಾವನ ಕೈಯನ್ನೂ ನೋಡುವುದಿಲ್ಲ, ಅಮ್ಮನ ಕೈಯನ್ನೂ ನೋಡುವುದಿಲ್ಲ, ಮೊಬೈಲ್ ನೋಡುತ್ತಾರೆ. ನನ್ನ ಮಗನಿಗೆ ಹದಿನೈದು ವರ್ಷ. ಬೈಕ್ ಮೇಲೆ ಒಂದೇ ಗಾಲಿಯಲ್ಲಿ ಓಡಿಸಿ ವಿಡಿಯೊ ಹಾಕುವ ಒಬ್ಬ ಹುಡುಗ ಅವನಿಗೆ ದೇವರು. ಅಂಥ ಬೈಕುಗಳು ಮುರಿದು ನನ್ನ ಗ್ಯಾರೇಜಿಗೇ ಬರುತ್ತವೆ. ಹೇಳಿ ಹೇಳಿ ಸಾಕಾಗಿದೆ. ತಿಳಿದವರು ದಾರಿ ತೋರಿಸಬೇಕು.

ಆಪ್ತಸಮಾಲೋಚಕಿ, ಮೈಸೂರು

ಅಣ್ಣಾ, ತಮ್ಮ ಆತಂಕ ಬಹಳ ಮನೆಗಳದ್ದು. ಆಲ್ಬರ್ಟ್ ಬಂಡೂರಾ ಎಂಬ ಮನಶ್ಶಾಸ್ತ್ರಜ್ಞ 1961ರಲ್ಲಿ ಒಂದು ಪ್ರಯೋಗ ಮಾಡಿದರು. ಗಾಳಿ ತುಂಬಿದ ಗೊಂಬೆಯನ್ನು ದೊಡ್ಡವರು ಹೊಡೆಯುವುದನ್ನು ಕಂಡ ಪುಟ್ಟ ಮಕ್ಕಳು, ಯಾರೂ ಹೇಳಿಕೊಡದಿದ್ದರೂ, ಅದೇ ರೀತಿಯಲ್ಲಿ ಅದೇ ಮಾತು ಆಡುತ್ತ ಗೊಂಬೆಯನ್ನು ಹೊಡೆದರು. ಮಕ್ಕಳು ಕೇಳಿ ಕಲಿಯುವುದಕ್ಕಿಂತ ನೋಡಿ ಕಲಿಯುವುದು ಹೆಚ್ಚು. ಆದ್ದರಿಂದ ಹೇಳುವುದನ್ನು ಸ್ವಲ್ಪ ದಿನ ನಿಲ್ಲಿಸಿ, ಅವನನ್ನು ಗ್ಯಾರೇಜಿಗೆ ಕರೆದುಕೊಂಡು ಹೋಗಿ. ಉಪದೇಶಕ್ಕಲ್ಲ, ಕೆಲಸಕ್ಕೆ. ಮುರಿದ ಆ ಬೈಕಿನ ಮುಂದಿನ ಫೋರ್ಕನ್ನು ಅವನ ಕೈಯಿಂದಲೇ ಬಿಚ್ಚಿಸಿ. ಬೈಕಿನ ಮೇಲೆ ಅವನಿಗಿರುವ ಪ್ರೀತಿ ತಮ್ಮಿಂದಲೇ ಬಂದದ್ದು ಎಂಬುದು ಅವನಿಗೂ ತಮಗೂ ಮರೆತಂತಿದೆ.

ತಬಲಾ ಕಲಿತವನು, ಗದಗ

ಇಲ್ಲಿಯವರೆಗೆ ಮನೆ ಇದ್ದ ಮಕ್ಕಳ ಮಾತಾಯಿತು. ಮನೆಯೇ ಇಲ್ಲದವರ ಮಾತನ್ನು, ಕಣ್ಣು ಕಾಣದ, ದಿಕ್ಕಿಲ್ಲದ ಮಕ್ಕಳನ್ನು ಸಾಕಿ ಸಂಗೀತ ಕಲಿಸುವ ನಮ್ಮೂರಿನ ವೀರೇಶ್ವರ ಪುಣ್ಯಾಶ್ರಮ ನೆನಪಿಸುತ್ತದೆ.

ಆ ಆಶ್ರಮವನ್ನು ನಡೆಸಿದ ಪುಟ್ಟರಾಜ ಗವಾಯಿಗಳು 1914ರಲ್ಲಿ ಹಾವೇರಿಯ ಬಳಿಯ ದೇವಗಿರಿಯಲ್ಲಿ ಹುಟ್ಟಿದರು. ಎಳೆಯ ವಯಸ್ಸಿನಲ್ಲೇ ಕಣ್ಣು ಹೋಯಿತು, ತಂದೆ ತಾಯಿಯೂ ಇಲ್ಲವಾದರು. ಸಾಕಿದವರು ಸೋದರಮಾವ. ಅವರ ಮನೆಯಲ್ಲಿದ್ದ ಹಾರ್ಮೋನಿಯಂ ಮೇಲೆ ಹುಡುಗ ತಾನಾಗಿಯೇ ಬೆರಳಾಡಿಸುವುದನ್ನು ಕೇಳಿದ ಮಾವ ಅವನನ್ನು ಪಂಚಾಕ್ಷರಿ ಗವಾಯಿಗಳ ಬಳಿಗೆ ಕರೆದೊಯ್ದರು. ಆ ಗುರುಗಳೂ ಕಣ್ಣು ಕಾಣದವರೇ. ಅವರನ್ನು ಬೆಳೆಸಿದವರು ಹಾನಗಲ್ಲ ಕುಮಾರ ಸ್ವಾಮಿಗಳು. ಪಂಚಾಕ್ಷರಿ ಗವಾಯಿಗಳು ಆಶ್ರಮದ ಮಕ್ಕಳ ಹೊಟ್ಟೆಗಾಗಿ ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದರು. 1944ರಲ್ಲಿ ಗುರು ತೀರಿಕೊಂಡ ಮೇಲೆ ಪುಟ್ಟರಾಜರು ಆ ಮಕ್ಕಳ ಹೊಣೆ ಹೊತ್ತು 2010ರವರೆಗೆ, ತಾವು ಇರುವವರೆಗೆ, ಸಾಕಿದರು. ಕಣ್ಣಿಲ್ಲದ ಮಗುವನ್ನು ಭಾರವೆಂದು ಬಗೆದ ಮನೆಗಳಿಂದ ಬಂದ ಎಷ್ಟೋ ಹುಡುಗರು ಇಲ್ಲಿ ಗಾಯಕರಾದರು, ವಾದಕರಾದರು, ಸಂಗೀತದ ಶಿಕ್ಷಕರಾಗಿ ಸ್ವಂತ ಸಂಸಾರ ಹೂಡಿದರು.

ನಾನು ಕಣ್ಣು ಕಾಣುವವನು, ಹೊರಗಿನಿಂದ ಹೋಗಿ ಕಲಿತವನು. ನನಗೆ ಕೂಡುವ ರೀತಿಯನ್ನು ಕಲಿಸಿದ ಹಿರಿಯ ವಿದ್ಯಾರ್ಥಿಗೆ ಕಣ್ಣಿರಲಿಲ್ಲ. ನನ್ನ ಮಣಿಕಟ್ಟನ್ನು ಹಿಡಿದು, ಬೆರಳು ಕಿನಾರದ, ಅಂದರೆ ತಬಲಾದ ಅಂಚಿನ, ಮೇಲೆ ಎಲ್ಲಿ ಬೀಳಬೇಕೋ ಅಲ್ಲಿ ತಂದು ಇಡುತ್ತಿದ್ದ. ಕಣ್ಣಿಲ್ಲದ ಚಿಕ್ಕ ಹುಡುಗರಿಗೆ ಕೊಠಡಿಯಿಂದ ಊಟದ ಮನೆಗೆ ಎಷ್ಟು ಹೆಜ್ಜೆ ಎಂದು ಅವನೇ ಜೊತೆಗೆ ನಡೆದು ಎಣಿಸಿಕೊಡುತ್ತಿದ್ದ. ಅವನಿಗೆ ಅದನ್ನು ಎಣಿಸಿಕೊಟ್ಟವನು ಅವನಿಗಿಂತ ಹಿರಿಯನಾದ ಇನ್ನೊಬ್ಬ. ಆ ಹುಡುಗರ ಮುಂದೆ ಪುಟ್ಟರಾಜ ಗುರುಗಳ ಭಾವಚಿತ್ರ ಹಿಡಿದು ಪ್ರಯೋಜನವೇನು? ಅವರಿಗೆ ಗುರುವೆಂದರೆ ದನಿ, ಕೈ, ಮತ್ತು ಪಕ್ಕದಲ್ಲಿ ಕೇಳುವ ಹೆಜ್ಜೆ.

ಕನ್ನಡ ಉಪನ್ಯಾಸಕಿ, ಹುಬ್ಬಳ್ಳಿ

ಎಲ್ಲರಿಗೂ ಕೈ ಮುಗಿದು ಧನ್ಯವಾದ ಹೇಳುತ್ತೇನೆ. ಮಾಸ್ತರರು ತಮ್ಮ ತಂಗಿಯ ಬಗ್ಗೆ ಬರೆದ ಸಾಲನ್ನು ಸ್ಟಾಫ್ ರೂಮಿನಲ್ಲಿ ಗೆಳತಿಯರಿಗೂ ಓದಿ ತೋರಿಸಿದೆ.

ಇಂದು ಮಧ್ಯಾಹ್ನ ಆ ಹುಡುಗಿಯನ್ನು ಕರೆದು, ಬೈಯುವುದಕ್ಕಲ್ಲ ಎಂದು ಮೊದಲೇ ಹೇಳಿ, ನೋಟ್‌ಬುಕ್ ತೆರೆದು ಆ ನೀಲಿ ಗೀರನ್ನು ತೋರಿಸಿದೆ. ಸಮಾಲೋಚಕಿಯವರು ಊಹಿಸಿದ ಕಾರಣವನ್ನೇ ನಾನೂ ನಿರೀಕ್ಷಿಸಿದ್ದೆ. ಅವಳು ತಲೆ ತಗ್ಗಿಸಿ, ‘ಅವ್ವನ ಬಗ್ಗೆ ಬರದ್ರ ಮಾರ್ಕ್ಸ್ ಕೊಡ್ತಾರೋ ಇಲ್ಲೋ ಅಂತ ಹೊಡದು ಹಾಕಿದೆ ರೀ ಮಿಸ್’ ಎಂದಳು. ಹೈಸ್ಕೂಲಿನಲ್ಲಿ ಒಮ್ಮೆ ಹಾಗೆ ಬರೆದಾಗ ‘ಇದು ಆದರ್ಶ ವ್ಯಕ್ತಿ ಅಲ್ಲ’ ಎಂಬ ಟಿಪ್ಪಣಿಯೊಂದಿಗೆ ಹತ್ತಕ್ಕೆ ಮೂರು ಬಂದಿತ್ತಂತೆ. ಇಷ್ಟು ದಿನ ನಾನು ಮಗುವಿನ ಮನಸ್ಸಿನಲ್ಲಿ, ಅವಳ ಮನೆಯಲ್ಲಿ ಕಾರಣ ಹುಡುಕುತ್ತಿದ್ದೆ. ಅದು ನಮ್ಮ ಕೆಂಪು ಪೆನ್ನಿನಲ್ಲಿತ್ತು. ನಾನೂ ಹತ್ತೊಂಬತ್ತು ವರ್ಷಗಳಿಂದ ಅದೇ ಪೆನ್ನು ಹಿಡಿದಿದ್ದೇನೆ, ಎಷ್ಟು ಮಕ್ಕಳಿಗೆ ಹೀಗೆ ಮಾಡಿರಬಹುದೆಂದು ಲೆಕ್ಕ ಹಾಕಲು ಧೈರ್ಯ ಬರುವುದಿಲ್ಲ.

ಮೊದಲು ಏನು ಬರೆಯಬೇಕೆಂದಿದ್ದೆ ಎಂದು ಕೇಳಿದೆ. ತಾಯಿ ನಸುಕಿನ ನಾಲ್ಕೂವರೆಗೆ ಎದ್ದು ಎರಡು ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾರೆ. ಓದು ಬರಹ ಬಾರದು. ಇಪ್ಪತ್ತೈದು ರೊಟ್ಟಿಗೆ ಒಂದರಂತೆ ಒಲೆಯ ಪಕ್ಕದ ಗೋಡೆಯ ಮೇಲೆ ಇದ್ದಿಲಿನಿಂದ ಗೀರು ಹಾಕುತ್ತಾರೆ. ವಾರದ ಕೊನೆಗೆ ಮಗಳು ಗೀರುಗಳನ್ನು ಎಣಿಸಿ, ಖಾನಾವಳಿಯವರ ಚೀಟಿಗೆ ಹೊಂದಿಸಿ, ಗೋಡೆ ಒರೆಸುತ್ತಾಳೆ. ಒಂದು ಸಲ ಚೀಟಿಯಲ್ಲಿ ಐವತ್ತು ರೊಟ್ಟಿ ಕಡಿಮೆ ಬರೆದಿದ್ದರಂತೆ. ತಾಯಿ ಅವರನ್ನೇ ಮನೆಗೆ ಕರೆತಂದು ಗೋಡೆ ತೋರಿಸಿದರಂತೆ. ‘ಗ್ವಾಡಿ ಸುಳ್ಳು ಹೇಳಂಗಿಲ್ರಿ ಅಂದ್ಲು ನಮ್ಮವ್ವ’ ಎನ್ನುವಾಗ ಹುಡುಗಿಯ ಮುಖ ಮೇಲೆದ್ದಿತ್ತು. ಅವಳು ವಾಣಿಜ್ಯ ವಿಭಾಗದವಳು. ಲೆಕ್ಕಶಾಸ್ತ್ರದಲ್ಲಿ ತರಗತಿಗೇ ಮೊದಲಿಗಳು ಎಂಬುದು ನನಗೆ ಇವತ್ತೇ ತಿಳಿಯಿತು.

ಮುಂದಿನ ಕಿರುಪರೀಕ್ಷೆಯ ಪ್ರಶ್ನೆಯನ್ನು ಬದಲಿಸಿದ್ದೇನೆ: ‘ದಿನವೂ ನಿಮ್ಮ ಕಣ್ಣೆದುರು ಇರುವ ಒಬ್ಬರು ಒಂದು ಕೆಲಸವನ್ನು ಹೇಗೆ ಮಾಡುತ್ತಾರೆ, ನೋಡಿ ಬರೆಯಿರಿ.’ ನೋಟ್‌ಬುಕ್ ಹಿಂತಿರುಗಿಸುವ ಮೊದಲು ಆ ಹುಡುಗಿ ಗೀರು ಎಳೆದ ಪದದ ಕೆಳಗೆ ಚುಕ್ಕೆಗಳನ್ನು ಇಟ್ಟೆ. ಹೊಡೆದು ಹಾಕಿದ್ದನ್ನು ಹಾಗೆಯೇ ಉಳಿಸಿಕೊಳ್ಳಿ ಎಂದು ಕರಡು ತಿದ್ದುವವರು ಹಾಕುವ ಗುರುತು ಅದು. ಹಾಗೆಂದರೇನು ಎಂದು ಅವಳು ಕೇಳಿದಳು, ಹೇಳಿಕೊಟ್ಟೆ.